ಎಲ್ಲ ನಕ್ಷೆಗಳಲ್ಲೂ ಅತ್ತೆ

ಕಟ್ಟಡಗಳ ನಕ್ಷೆ ಬರೆಯುವ ಆ ಆಫೀಸಿನಲ್ಲಿ ಅವನನ್ನು ಎಲ್ಲರೂ ಸ್ಕೇಲು ಎಂದೇ ಕರೆಯುತ್ತಿದ್ದರು. ಉದ್ದಕ್ಕೆ, ತೆಳ್ಳಗೆ, ನಿಲ್ಲಿಸಿದ ಕಡೆ ನಿಲ್ಲುವ ಪ್ರಾಣಿ. ಕಂಪ್ಯೂಟರಿನಲ್ಲಿ ಗೆರೆ ಎಳೆಯುವುದು ಅವನ ಉದ್ಯೋಗ. ಮನೆಯಲ್ಲಿ ಇದ್ದವರು ಇಬ್ಬರೇ, ಅವನು ಮತ್ತು ಅವನ ತಂದೆಯ ಅಕ್ಕ. ಅವನನ್ನು ಚಿಕ್ಕಂದಿನಿಂದ ಸಾಕಿ ಆಳು ಮಾಡಿದವಳು ಈ ಅತ್ತೆಯೇ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಯುಷ್ಯವೆಲ್ಲ ಕೂತು ಕೆಲಸ ಮಾಡಿ ನಿವೃತ್ತಳಾಗಿದ್ದಳು. ಕಿಟಕಿಯಿಲ್ಲದ ಕೋಣೆ, ಕಿವಿಗೆ ಸಿಕ್ಕಿಸಿದ ಯಂತ್ರ, ಎದುರಿಗೆ ಒಬ್ಬರ ಫೋನನ್ನು ಇನ್ನೊಬ್ಬರಿಗೆ ಜೋಡಿಸುವ ತಂತಿಗಳ ಗೋಜಲು. ಊರಿನ ಅರ್ಧ ಜನಕ್ಕೆ ಅವಳ ದನಿ ಗೊತ್ತಿತ್ತು, ಮುಖ ಒಬ್ಬರಿಗೂ ಗೊತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ದನಿಯ ಗಿರಾಕಿಯೂ ಸ್ಕೇಲು ಒಬ್ಬನೇ ಆದ.

ಹೀಗಿರುವಾಗ ನಗರಸಭೆಯಿಂದ ಒಂದು ಸುತ್ತೋಲೆ ಬಂತು. ಕಟ್ಟಡ ಎಷ್ಟೆತ್ತರ ಇದೆ ಎಂದು ನೋಡಿದವರಿಗೆ ತಿಳಿಯಲಿ ಅಂತ ನಕ್ಷೆಯಲ್ಲಿ ಪಕ್ಕಕ್ಕೊಂದು ಮನುಷ್ಯನ ಚಿತ್ರ ನಿಲ್ಲಿಸುವುದು ವಾಡಿಕೆ. ಇವರ ಆಫೀಸಿನ ನಕ್ಷೆಗಳಲ್ಲಿ ಸಾಫ್ಟ್‌ವೇರಿನ ಜೊತೆಗೇ ಬಂದಿದ್ದ ಒಬ್ಬ ಮಹಾಶಯ ನಿಂತಿರುತ್ತಿದ್ದ. ಸೂಟು ಹಾಕಿಕೊಂಡು, ಕೈಯಲ್ಲೊಂದು ಪೆಟ್ಟಿಗೆ ಹಿಡಿದು, ಆರಡಿ ದಾಟಿದ ಆಸಾಮಿ. ಇಂಥ ಊಹೆಯ ಮನುಷ್ಯರು ಇನ್ನು ಮುಂದೆ ಕೂಡದು, ನಕ್ಷೆಯಲ್ಲಿ ನಿಲ್ಲುವವರು ಈ ಊರಿನ ನಿಜವಾದ ನಿವಾಸಿಯಾಗಿರಬೇಕು, ಎತ್ತರವೂ ನಿಜವಾಗಿರಬೇಕು, ಕೆಲಸ ಮುಗಿಯದ ಎಲ್ಲ ಕಟ್ಟಡಗಳ ನಕ್ಷೆಗಳನ್ನೂ ಹಾಗೆ ತಿದ್ದಿ ಹೊಸದಾಗಿ ಸಲ್ಲಿಸಬೇಕು ಎಂದು ಸುತ್ತೋಲೆ ಹೇಳುತ್ತಿತ್ತು.

ಆಫೀಸಿನ ಯಜಮಾನರು ಅದನ್ನು ಓದಿ ಮೂಗು ಮುರಿದರು. ಆಮೇಲೆ ಸ್ಕೇಲುವಿನ ಮೇಜಿನ ಮೇಲೆ ಹಾಕಿ, ಯಾರನ್ನಾದರೂ ಹಿಡಿದು ನಿಲ್ಲಿಸು, ಸಂಜೆಯೊಳಗೆ ಮುಗಿಸು ಎಂದು ಹೇಳಿ ಹೊರಟುಹೋದರು.

ಫೈಲುಗಳು ಒಂದೆರಡಲ್ಲ, ರಾಶಿ. ಒಂದೊಂದನ್ನೇ ತೆರೆದು, ಮಹಾಶಯನನ್ನು ಕಿತ್ತು, ಬೇರೆಯವರನ್ನು ನಿಲ್ಲಿಸಿ ಮುಚ್ಚುತ್ತ ಹೋದರೆ ತಲೆ ನರೆಯುವವರೆಗೂ ಅದೇ ಕೆಲಸ. ಸ್ಕೇಲುವಿಗೆ ಬ್ಯಾಚ್ ಓಡಿಸುವುದು ಗೊತ್ತಿತ್ತು. ಮಾಡಬೇಕಾದ್ದನ್ನು ಒಂದೇ ಸಲ ಸಾಲಾಗಿ ಬರೆದುಕೊಟ್ಟರೆ ಕಂಪ್ಯೂಟರು ತಾನೇ ಒಂದಾದ ಮೇಲೊಂದು ಫೈಲು ತೆರೆದು, ಹೇಳಿದ್ದನ್ನು ಮಾಡಿ, ಉಳಿಸಿ, ಮುಚ್ಚುತ್ತ ಹೋಗುತ್ತದೆ. ಬೇಕಾದದ್ದು ಒಬ್ಬ ನಿಜವಾದ ನಿವಾಸಿ ಮಾತ್ರ. ಅವನ ಮೊಬೈಲಿನಲ್ಲಿ ಇದ್ದದ್ದು ಒಂದೇ ಒಂದು ಆಳೆತ್ತರದ ಫೋಟೋ. ಅತ್ತೆ ಮನೆ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು, ತೋಳಿಗೆ ಬ್ಯಾಗು ನೇತುಹಾಕಿಕೊಂಡು, ಫೋಟೋ ತೆಗೀಬೇಡ ಅಂತ ಗದರುತ್ತಿದ್ದದ್ದು. ಅವಳ ಎತ್ತರ ಐದಡಿಗೆ ತುಸು ಕಮ್ಮಿ. ಅವನು ಫೋಟೋದ ಮೇಲೆಯೇ ಗೆರೆ ಎಳೆದು ಅವಳ ಆಕಾರ ಇಳಿಸಿಕೊಂಡ. ಒಂದು ಫೈಲಿನ ನಕಲು ತೆಗೆದು ಅದರ ಮೇಲೆ ಪ್ರಯತ್ನ ಮಾಡಿ ನೋಡಿದ. ಮಹಾಶಯ ಹೋದ, ಅತ್ತೆ ಬಂದಳು. ಸರಿ, ಬ್ಯಾಚ್ ಓಡಿಸಿ ಊಟಕ್ಕೆ ಹೋದ. ವಾಪಸು ಬರುವಷ್ಟರಲ್ಲಿ ಕಂಪ್ಯೂಟರು ಕೆಲಸ ಮುಗಿಸಿ ಸುಮ್ಮನೆ ಕೂತಿತ್ತು. ನಾಲ್ಕೈದು ಫೈಲು ತೆರೆದು ನೋಡಿದ, ಎಲ್ಲ ಸರಿಯಾಗಿತ್ತು. ಸಂಜೆಗೆ ಎಲ್ಲವೂ ನಗರಸಭೆಗೆ ಹೋದವು. ಮನೆಯಲ್ಲಿ ಈ ವಿಷಯ ಹೇಳಲಿಲ್ಲ. ಹೇಳುವಂಥದ್ದು ಏನಿದೆ ಅನ್ನಿಸಿತ್ತು.

ಕೆಲವು ದಿನಗಳ ಮೇಲೆ ಅವನು ಮೊಬೈಲು ಮನೆಯಲ್ಲೇ ಮರೆತು ಬಂದ. ಅದನ್ನು ಕೊಟ್ಟುಹೋಗೋಣವೆಂದು ಅತ್ತೆ ಮೊದಲ ಸಲ ಅವನ ಆಫೀಸಿಗೆ ಬಂದಳು. ಒಳಗೆ ಕಾಲಿಟ್ಟವಳು ಗೋಡೆಯ ಮುಂದೆ ಗಕ್ಕನೆ ನಿಂತಳು. ಹೊಸ ಬ್ಯಾಂಕಿನ ನಕ್ಷೆಯನ್ನು ದೊಡ್ಡದಾಗಿ ಅಚ್ಚು ಹಾಕಿ ಅಂಟಿಸಿದ್ದರು. ಹಣ ಇಡುವ ಉಕ್ಕಿನ ಕೋಣೆಯ ನಟ್ಟನಡುವೆ ಒಬ್ಬ ಹೆಂಗಸು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಇದು ನಾನಲ್ವೇನೋ?" ಎಂದಳು ಅತ್ತೆ.

ಸ್ಕೇಲು ಅಲ್ಲ ಎಂದ. ಅಳತೆಗೆ ಅಂತ ಯಾರನ್ನೋ ಹಾಕಿರುತ್ತೇವೆ ಎಂದ.

"ಬ್ಯಾಗು ನಂದು."

ಬ್ಯಾಗನ್ನು ಅಲ್ಲ ಎನ್ನುವಂತಿರಲಿಲ್ಲ. ಎಲ್ಲವನ್ನೂ ಹೇಳಿದ. ಅತ್ತೆ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದ. ಅವಳು ಒಂದು ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತು, ಉಳಿದವನ್ನೂ ತೋರಿಸು ಎಂದಳು. ಅವನು ತೋರಿಸುತ್ತ ಹೋದ. ಶಾಲೆಯ ಮೆಟ್ಟಿಲ ಮೇಲೆ ಅತ್ತೆ, ಆಸ್ಪತ್ರೆಯ ಲಿಫ್ಟಿನಲ್ಲಿ ಅತ್ತೆ, ಕೋರ್ಟಿನ ಕಟಕಟೆಯಲ್ಲಿ ಅತ್ತೆ, ಜೈಲಿನ ಕಂಬಿಯ ಹಿಂದೆ ಅತ್ತೆ, ನೀರಿನ ಟ್ಯಾಂಕಿನ ತಳದಲ್ಲಿ ಅತ್ತೆ. ಮಹಾಶಯ ಎಲ್ಲೆಲ್ಲಿ ನಿಂತಿದ್ದನೋ ಅಲ್ಲೆಲ್ಲ ಅವಳೇ ನಿಂತಿದ್ದಳು. ಬ್ಯಾಚ್‌ಗೆ ಹಿಂದುಮುಂದು ನೋಡುವ ಅಭ್ಯಾಸ ಇಲ್ಲವಲ್ಲ. ಅತ್ತೆ ಜೈಲಿಗೂ ತಕರಾರು ಮಾಡಲಿಲ್ಲ, ಯಾರನ್ನೋ ನೋಡೋಕೆ ಹೋಗಿರಬಹುದು ಎಂದಳು. ಗಂಡಸರ ಶೌಚಾಲಯದ ನಕ್ಷೆ ಬಂದಾಗ ಮಾತ್ರ ಮುಖ ಗಂಟಿಕ್ಕಿತು.

"ಈಗ್ಲೇ ನನ್ನನ್ನ ಅಲ್ಲಿಂದ ಈಚೆ ಕರ್ಕೊಂಡು ಬಾ."

ಅವನು ಅವಳನ್ನು ಹೊರಗಿನ ಮೊಗಸಾಲೆಗೆ ತಂದು ನಿಲ್ಲಿಸಿದ. ತಿದ್ದಿದ ಪ್ರತಿ ನಗರಸಭೆಗೆ ಕಳಿಸಿದ ಮೇಲೆಯೇ ಅವಳು ಮುಂದಿನದನ್ನು ನೋಡಿದ್ದು.

ಕೊನೆಗೆ ಬಸ್ ನಿಲ್ದಾಣದ ನಕ್ಷೆ ತೆರೆದ. ಉಳಿದ ನಕ್ಷೆಗಳೆಲ್ಲ ಮಿಲಿಮೀಟರಿನಲ್ಲಿ ಇದ್ದರೆ, ಇದೊಂದನ್ನು ಯಾರೋ ಸೆಂಟಿಮೀಟರಿನಲ್ಲಿ ಬರೆದಿದ್ದರು. ಬ್ಯಾಚ್ ಅಂಕಿಯನ್ನಷ್ಟೇ ನೋಡಿತ್ತು, ಅಳತೆಯ ಮಾನವನ್ನು ನೋಡಿರಲಿಲ್ಲ. ಅತ್ತೆ ಹತ್ತು ಪಟ್ಟು ಬೆಳೆದುನಿಂತಿದ್ದಳು. ಬಸ್ ನಿಲ್ದಾಣದ ಚಾವಣಿ ಅವಳ ಮೊಣಕಾಲಿಗೆ ಬರುತ್ತಿತ್ತು. ಬಸ್ಸುಗಳು ಚಪ್ಪಲಿಯ ಹಾಗೆ ಅಕ್ಕಪಕ್ಕದಲ್ಲಿ ಬಿದ್ದಿದ್ದವು.

ತಪ್ಪಾಗಿದೆ, ಸಣ್ಣ ಮಾಡುತ್ತೇನೆ ಎಂದು ಅವನು ಕೈಯಿಟ್ಟ. ಅತ್ತೆ ಅವನ ಕೈ ಹಿಡಿದುಕೊಂಡಳು.

"ಮುಟ್ಟಬೇಡ. ಇದ್ರಲ್ಲೇ ಚೆನ್ನಾಗಿ ಬಂದಿದೀನಿ."

ಅವಳು ಹೋದ ಮೇಲೆ ಸರಿ ಮಾಡಿದರಾಯಿತು ಎಂದುಕೊಂಡ. ಅಷ್ಟರಲ್ಲಿ ಯಜಮಾನರು ಕರೆದರು, ಇನ್ನೊಂದು ಕೆಲಸ ತಲೆಗೆ ಬಿತ್ತು, ಅದು ಹಾಗೇ ಉಳಿಯಿತು.

ಎಡವಟ್ಟು ಶುರುವಾದದ್ದು ಒಂದು ಸಣ್ಣ ಚಿಕಿತ್ಸಾಲಯದಿಂದ. ಕಟ್ಟಡ ಮುಗಿದು, ಬಣ್ಣ ಒಣಗಿ, ಮರುದಿನ ಉದ್ಘಾಟನೆ ಇತ್ತು. ನಗರಸಭೆಯ ಎಂಜಿನಿಯರು ನಕ್ಷೆ ಹಿಡಿದು ಬಂದು ಬಾಗಿಲು, ಕಿಟಕಿ, ಮೆಟ್ಟಿಲು ಎಲ್ಲ ಅಳೆದರು. ಶಿಸ್ತಿನ ಮನುಷ್ಯ, ಸದಾ ಟೈ ಕಟ್ಟಿರುವವರು, ಅಳತೆ ಟೇಪನ್ನು ಗಡಿಯಾರದ ಹಾಗೆ ಜೇಬಿನಲ್ಲಿಟ್ಟುಕೊಂಡು ಓಡಾಡುವವರು. ಎಲ್ಲ ಮುಗಿಸಿ ಸಹಿ ಹಾಕಬೇಕು ಅನ್ನುವಷ್ಟರಲ್ಲಿ ಕೈ ತಡೆದರು. ನಕ್ಷೆಯಲ್ಲಿ ಔಷಧಿ ಕೊಡುವ ಕಿಟಕಿಯ ಪಕ್ಕ ಒಬ್ಬ ಹೆಂಗಸು ಇದ್ದಾರೆ, ಜಾಗದಲ್ಲಿ ಯಾರೂ ಇಲ್ಲ, ಎಲ್ಲಿ ಎಂದು ಕೇಳಿದರು.

ಕಾಂಟ್ರಾಕ್ಟರು ನಕ್ಕ. ಎಂಜಿನಿಯರು ನಗಲಿಲ್ಲ. ಮೊದಲು ಇದ್ದ ಮಹಾಶಯ ಎಲ್ಲಿ ಎಂದು ಯಾವತ್ತೂ ಕೇಳಿರಲಿಲ್ಲವಲ್ಲ ಎಂದು ಕಾಂಟ್ರಾಕ್ಟರು ನೆನಪಿಸಿದ.

"ಅವನು ಇರಲೇ ಇಲ್ಲ, ಅದಕ್ಕೆ ಕೇಳ್ತಿರಲಿಲ್ಲ," ಎಂದರು ಎಂಜಿನಿಯರು. "ಇವರು ಇದಾರೆ. ಇರೋರು ನಕ್ಷೇಲಿ ಇದ್ದು ಕಟ್ಟಡದಲ್ಲಿ ಇಲ್ಲ ಅಂದ್ರೆ ಅದು ವ್ಯತ್ಯಾಸ. ವ್ಯತ್ಯಾಸ ಇಟ್ಕೊಂಡು ನಾನು ಸಹಿ ಹಾಕೋಕಾಗಲ್ಲ."

ಮಾತಿಗೆ ಮಾತು ಬೆಳೆಸುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಯಜಮಾನರು ಸ್ಕೇಲುವಿಗೆ ಫೋನು ಮಾಡಿದರು, ಸ್ಕೇಲು ಮನೆಗೆ ಓಡಿದ. ಅತ್ತೆ ಬೇಳೆ ತೊಳೆಯುತ್ತಿದ್ದಳು. ಕೈ ಒರೆಸಿಕೊಂಡು, ಬ್ಯಾಗು ತೋಳಿಗೆ ಹಾಕಿಕೊಂಡು ಬಂದಳು. ಔಷಧಿ ಕಿಟಕಿಯ ಪಕ್ಕ ನಿಂತು ಸೊಂಟಕ್ಕೆ ಕೈಯಿಟ್ಟಳು. ಎಂಜಿನಿಯರು ಕ್ಷಮೆ ಕೇಳಿ ಅವಳ ಎತ್ತರ ಅಳೆದರು, ಇನ್ನೂ ಒಂದು ಗೇಣು ಗೋಡೆಯ ಕಡೆ ಸರಿಯಿರಿ ಎಂದರು. ಆಮೇಲೆ ಸಹಿ ಹಾಕಿ, ಬಂದಿದ್ದಕ್ಕೆ ಥ್ಯಾಂಕ್ಸ್ ಎಂದು ಕೈ ಕುಲುಕಿದರು.

ಅಲ್ಲಿಂದ ಮುಂದೆ ಅವಳಿಗೆ ಮನೆಯಲ್ಲಿ ಕೂರಲು ಬಿಡುವೇ ಇಲ್ಲದಂತಾಯಿತು. ಬೆಳಗಾದರೆ ಯಾರಾದರೊಬ್ಬ ಕಾಂಟ್ರಾಕ್ಟರನ ಕಾರು ಮನೆ ಮುಂದೆ ಬಂದು ನಿಲ್ಲುತ್ತಿತ್ತು. ಬೆಳಿಗ್ಗೆ ಶಾಲೆ, ಮಧ್ಯಾಹ್ನ ಗೋದಾಮು, ಸಂಜೆ ಯಾರದೋ ಮನೆಯ ಮಹಡಿ. ಕೆಲಸಗಾರರು ಅವಳಿಗೆ ನಕ್ಷೆಯಮ್ಮ ಎಂದು ಹೆಸರಿಟ್ಟರು. ಒಂದೇ ಹೊತ್ತಿಗೆ ಇಬ್ಬರು ಕಾಂಟ್ರಾಕ್ಟರು ಬಂದರೆ ಗೇಟಿನ ಹತ್ತಿರವೇ ಜಗಳ ಆಗುತ್ತಿತ್ತು. ಅತ್ತೆ ಕಿಟಕಿಯಿಂದ ನೋಡುತ್ತ, ಮೊದಲು ಯಾರು ಬಂದದ್ದು ಎಂದು ತನಗೆ ಗೊತ್ತಿದ್ದರೂ ಹೇಳದೆ, ನಿಧಾನವಾಗಿ ಕೂದಲು ಬಾಚಿಕೊಳ್ಳುತ್ತಿದ್ದಳು.

ಸುಮ್ಮನೆ ನಿಂತು ಬರುವ ಜಾಯಮಾನ ಅವಳದಲ್ಲ. ಮೊದಲಿನ ಆ ಚಿಕಿತ್ಸಾಲಯದಿಂದಲೇ ಶುರುವಾಗಿ, ಎಲ್ಲಿ ಹೋದರೂ ನಿಂತ ಜಾಗದಿಂದಲೇ ಕಣ್ಣಾಡಿಸುತ್ತಿದ್ದಳು. ಈ ಬೇಸಿನ್ ಯಾಕಿಷ್ಟು ಮೇಲಿದೆ, ಕೈ ತೊಳೆದರೆ ನೀರು ಮೊಣಕೈಗೆ ಇಳಿಯುತ್ತೆ ಎನ್ನುತ್ತಿದ್ದಳು. ಈ ಸ್ವಿಚ್ಚಿಗೆ ಏಣಿ ಕೊಡ್ತೀರಾ ಎಂದು ಕೇಳುತ್ತಿದ್ದಳು. ಅವಳು ಮುನಿಸಿಕೊಂಡು ಜಾಗದಿಂದ ಸರಿದುಬಿಟ್ಟರೆ ಸಹಿಗೆ ಕಲ್ಲು ಬೀಳುತ್ತದೆ ಎಂಬ ಹೆದರಿಕೆಗೆ ಕಾಂಟ್ರಾಕ್ಟರುಗಳು ಬೇಸಿನ್ನು ಕಿತ್ತು ಕೆಳಗಿಳಿಸಿದರು, ಸ್ವಿಚ್ಚು ಇಳಿಸಿದರು. ಸಂಜೆ ಮನೆಗೆ ಬಂದು ಅವಳು ಎಲ್ಲವನ್ನೂ ಸ್ಕೇಲುವಿಗೆ ಒಪ್ಪಿಸುತ್ತಿದ್ದಳು. ಎಷ್ಟೋ ವರ್ಷಗಳಿಂದ ಅವಳ ದನಿಯಲ್ಲಿ ಅವನು ಕೇಳದಿದ್ದ ಒಂದು ಬಗೆಯ ಉಮೇದು ಕೇಳುತ್ತಿತ್ತು. ಮೊದಮೊದಲು ಅವನಿಗೆ ಹೆದರಿಕೆಯಾಗಿತ್ತು. ಆಮೇಲೆ, ಎಲ್ಲ ಹೀಗೇ ನಡೆದುಕೊಂಡು ಹೋದರೆ ತೊಂದರೆಯೇನು ಅನ್ನಿಸತೊಡಗಿತು.

ನಡೆದುಕೊಂಡು ಹೋಗಲಿಲ್ಲ. ನೀರಿನ ಟ್ಯಾಂಕಿನ ಸರದಿ ಬಂತು. ಟ್ಯಾಂಕು ಎಷ್ಟು ಆಳ ಎಂದು ತೋರಿಸಲು ಹಿಂದೆ ಯಾರೋ ಮಹಾಶಯನನ್ನು ಅದರ ತಳದಲ್ಲಿ ನಿಲ್ಲಿಸಿದ್ದರು, ಈಗ ಅಲ್ಲಿ ಅತ್ತೆ ಇದ್ದಳು. ಟ್ಯಾಂಕಿಗೆ ಆಗಲೇ ನೀರು ತುಂಬಿಸಿ ಸುತ್ತಲಿನ ಬೀದಿಗಳಿಗೆ ಬಿಡಲು ಶುರುಮಾಡಿದ್ದರು. ಎಂಜಿನಿಯರು ಎಳ್ಳಷ್ಟೂ ಸಡಿಲ ಬಿಡಲಿಲ್ಲ. ಟ್ಯಾಂಕು ಬರಿದು ಮಾಡಿದರು, ಬೀದಿಗಳ ನಲ್ಲಿಗಳು ನಿಂತವು. ಅತ್ತೆ ರಬ್ಬರು ಬೂಟು ಹಾಕಿಕೊಂಡು ಏಣಿಯಲ್ಲಿ ಇಳಿದಳು. ಮೇಲಿನಿಂದ ಎಂಜಿನಿಯರು ಟಾರ್ಚು ಬಿಟ್ಟು ನೋಡಿ ಸರಿ ಎಂದರು. ಅತ್ತೆ ಮಾತ್ರ ಕೂಡಲೇ ಮೇಲೆ ಬರಲಿಲ್ಲ. ಒಳಗೆ ದನಿ ಗುಂಯ್ಗುಡುವುದನ್ನು ಕೇಳಿ ಅವಳಿಗೆ ಎಕ್ಸ್‌ಚೇಂಜಿನ ದಿನಗಳು ನೆನಪಾಗಿ, ಹಲೋ, ಯಾರು ಬೇಕಿತ್ತು ಎಂದು ಹಳೆಯ ವರಸೆಯಲ್ಲಿ ಕೂಗಿದಳು. ಕೊಡ ಹಿಡಿದು ಹೊರಗೆ ಬಂದು ನಿಂತಿದ್ದ ಜನಕ್ಕೆ ಖಾಲಿ ಟ್ಯಾಂಕಿನ ಹೊಟ್ಟೆಯಿಂದ ಹೆಂಗಸಿನ ದನಿ ಕೇಳಿಸಿತು. ಒಬ್ಬ ಮುದುಕ, ಈ ದನಿ ನನಗೆ ಗೊತ್ತು ಎಂದು ಹಟ ಹಿಡಿದು ಕೂತುಬಿಟ್ಟ. ಮಿಕ್ಕವರು ನೇರ ನಗರಸಭೆಗೆ ನುಗ್ಗಿ ಗಲಾಟೆ ಮಾಡಿದರು.

ಆ ಬಿಸಿ ಆರುವ ಮುಂಚೆ ಬಸ್ ನಿಲ್ದಾಣದ ಪರಿಶೀಲನೆ. ಎಂಜಿನಿಯರು ನಕ್ಷೆ ನೋಡಿದರು, ಅತ್ತೆಯನ್ನು ನೋಡಿದರು, ಮತ್ತೆ ನಕ್ಷೆ ನೋಡಿದರು.

"ಅಮ್ಮಾ, ನಕ್ಷೇಲಿ ನೀವು ಚಾವಣಿಗಿಂತ ಎತ್ತರ ಇದೀರ."

"ಹೌದು," ಎಂದಳು ಅತ್ತೆ. ಅವಳ ಮುಖದಲ್ಲಿ ಹೆಮ್ಮೆ ಇತ್ತು.

"ಇಲ್ಲಿ ಗಿಡ್ಡಕ್ಕೆ ಕಾಣ್ತೀರಲ್ಲ."

ಕಾಂಟ್ರಾಕ್ಟರು ತಲೆಯ ಮೇಲೆ ಕೈಹೊತ್ತು ಕೂತ. ಅತ್ತೆಯನ್ನು ಬೆಳೆಸುವ ಉಪಾಯ ಯಾರ ಬಳಿಯೂ ಇರಲಿಲ್ಲ. ನಿಲ್ದಾಣವನ್ನೇ ಹತ್ತರಲ್ಲಿ ಒಂದು ಪಾಲಿಗೆ ಇಳಿಸಿ ಕಟ್ಟಿದರೆ ಲೆಕ್ಕ ಸರಿಹೋಗುತ್ತದೆ ಎಂದು ಎಂಜಿನಿಯರು ಗಂಭೀರವಾಗಿಯೇ ಸೂಚಿಸಿದರು. ಬಸ್ಸು ಎಲ್ಲಿ ನಿಲ್ಲಬೇಕು ಎಂದರೆ, ಅದು ನನ್ನ ಇಲಾಖೆಯಲ್ಲ ಎಂದರು.

ಯಜಮಾನರಿಗೆ ಸಿಟ್ಟು ನೆತ್ತಿಗೇರಿತು. ಸ್ಕೇಲುವನ್ನು ಕರೆದು ಬೆವರಿಳಿಸಿದರು. ಯಾರನ್ನಾದರೂ ನಿಲ್ಲಿಸು ಎಂದರೆ ಮನೆಯವರನ್ನು ತಂದು ಊರ ತುಂಬ ನಿಲ್ಲಿಸಿದ್ದೀಯ ಎಂದರು. ನಾಳೆಯೊಳಗೆ ಎಲ್ಲ ಫೈಲುಗಳಿಂದಲೂ ಅವರನ್ನು ತೆಗೆ, ಬದಲಿಗೆ ಯಾರನ್ನು ಹಾಕುತ್ತೀಯೋ ಅದನ್ನೂ ನೀನೇ ಯೋಚಿಸು ಎಂದು ಬಾಗಿಲು ತೋರಿಸಿದರು.

ಸ್ಕೇಲು ಮನೆಗೆ ಬಂದು ಊಟಕ್ಕೆ ಕೂತ. ಅತ್ತೆ ನಾಳೆ ಗ್ರಂಥಾಲಯಕ್ಕೆ ಹೋಗಬೇಕು, ಅಲ್ಲಿ ನನ್ನನ್ನು ಕಪಾಟುಗಳ ಮಧ್ಯೆ ನಿಲ್ಲಿಸಿದ್ದೀಯಂತೆ ಎಂದು ಹೇಳುತ್ತಿದ್ದಳು. ಅವನು ತಟ್ಟೆ ನೋಡುತ್ತಲೇ ವಿಷಯ ಹೇಳಿದ. ಅತ್ತೆ ಬಡಿಸುತ್ತಿದ್ದ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು.

"ಎಲ್ಲಾದ್ರಿಂದ್ಲೂ ಅಳಿಸೋಕೆ ಎಷ್ಟು ಹೊತ್ತಾಗುತ್ತೆ?"

"ಒಂದು ಲೋಟ ಟೀ ಕುಡಿಯೋಷ್ಟು."

"ಅಷ್ಟೇನಾ?"

ಬ್ಯಾಚ್ ಓಡುತ್ತಿದ್ದರೆ ನೋಡುತ್ತ ಕೂರುವುದು ಅವನಿಗೆ ಇಷ್ಟದ ಕೆಲಸ. ಫೈಲುಗಳು ತಾವೇ ತೆರೆದುಕೊಂಡು ಮುಚ್ಚಿಕೊಳ್ಳುವುದನ್ನು ಕಂಡರೆ ತನ್ನ ಕೈಗೆ ಹತ್ತು ಕೈ ಬಂದ ಹಾಗೆ ಆಗುತ್ತಿತ್ತು. ಈಗ ಆ ಹತ್ತೂ ಕೈಗಳು ಒಬ್ಬ ಮುದುಕಿಯನ್ನು ಶಾಲೆಯ ಮೆಟ್ಟಿಲಿನಿಂದ, ಲಿಫ್ಟಿನಿಂದ, ಕಟಕಟೆಯಿಂದ ರಟ್ಟೆ ಹಿಡಿದು ಈಚೆ ಎಳೆಯುವುದು ಕಣ್ಣಿಗೆ ಕಟ್ಟಿತು. ನಾಳೆ ರಜೆ ಹಾಕಿಬಿಡುತ್ತೇನೆ, ಬೇರೆ ಯಾರಾದರೂ ಮಾಡಲಿ ಎಂದ.

ಅತ್ತೆ ಅದಕ್ಕೆ ಒಪ್ಪಲಿಲ್ಲ. ನಿನ್ನ ಕೆಲಸ ನೀನು ಮಾಡು ಎಂದಳು. ಕೈ ತೊಳೆದು ಬಂದು, ಅವನ ಎದುರು ಕೂತು, ಬದಲಿಗೆ ಯಾರನ್ನು ನಿಲ್ಲಿಸುತ್ತೀಯ ಎಂದು ವಿಚಾರಿಸಿದಳು. ಯಾರನ್ನು ನಿಲ್ಲಿಸಿದರೂ ಇದೇ ಪೇಚು, ಅವರನ್ನೂ ಊರೆಲ್ಲ ಹೊತ್ತುಕೊಂಡು ತಿರುಗಬೇಕು ಎಂದ ಅವನು.

"ಆ ಎಂಜಿನಿಯರು ಎಲ್ಲಾ ಕಡೆಗೂ ಬಂದೇ ಬರ್ತಾನೆ ತಾನೇ?"

"ಬರ್ತಾರೆ. ಅವ್ರು ಬರದೆ ಯಾವುದೂ ಮುಗಿಯಲ್ಲ."

"ಮತ್ತೆ ಅವನನ್ನೇ ನಿಲ್ಸು. ಬೇರೆಯವ್ರಿಗೆ ಕಾರು ಕಳ್ಸೋ ತಾಪತ್ರಯ ಇರಲ್ಲ."

ಯಜಮಾನರು ಇದನ್ನು ಕೇಳಿ ಮೊದಲು ಬೆಪ್ಪಾದರು, ಆಮೇಲೆ ಸ್ಕೇಲುವಿನ ಬೆನ್ನು ತಟ್ಟಿದರು. ಅತ್ತೆಯ ಮಾತು ಎಂದು ಅವನು ಹೇಳಿದ್ದನ್ನು ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಎಂಜಿನಿಯರನ್ನು ವಿಚಾರಿಸಿದರೆ ಅವರು ಒಂದು ದಿನ ಸಮಯ ಕೇಳಿದರು. ಮರುದಿನ ಹೊಸ ಟೈ ಕಟ್ಟಿ, ತಲೆಗೆ ಎಣ್ಣೆ ಹಚ್ಚಿ ಬಾಚಿ, ಆಫೀಸಿನ ಬಿಳಿ ಗೋಡೆಯ ಮುಂದೆ ಬಂದು ನಿಂತರು. ಟೇಪು ಕೈಯಲ್ಲಿ ಕಾಣಲೇಬೇಕು ಎಂದು ಹೇಳಿ ಫೋಟೋ ತೆಗೆಸಿಕೊಂಡರು. ಸ್ಕೇಲು ಈ ಸಲ ಪ್ರತಿ ಫೈಲಿನ ಅಳತೆಯ ಮಾನವನ್ನೂ ನೋಡಿಕೊಳ್ಳುವಂತೆ ಬ್ಯಾಚ್ ಬರೆದ. ಓಡಿಸುವ ಗುಂಡಿ ಒತ್ತಿ, ನೋಡುತ್ತ ಕೂರದೆ, ಎದ್ದು ಹೊರಗೆ ಬೀದಿಗೆ ಹೋಗಿ ನಿಂತ. ಟೀ ಕುಡಿಯಲಿಲ್ಲ.

ಎಂಜಿನಿಯರು ಬಸ್ ನಿಲ್ದಾಣಕ್ಕೆ ಮತ್ತೆ ಬಂದರು. ನಕ್ಷೆಯಲ್ಲಿ ಟಿಕೆಟ್ ಕೌಂಟರಿನ ಪಕ್ಕ ಅವರೇ ಇದ್ದರು. ನಿಂತ ಜಾಗದಿಂದ ಕೌಂಟರಿನ ಕಡೆ ನೋಡಿದರೆ ಅಲ್ಲಿ ಯಾರೂ ಇಲ್ಲ. ಹೋಗಿ ಕೌಂಟರಿನ ಪಕ್ಕ ನಿಂತರು. ಸರಿಯಾಗಿ ನಿಂತಿದ್ದಾರೋ ಇಲ್ಲವೋ ಎಂದು ನೋಡಲು ಪರಿಶೀಲನೆ ಮಾಡುವವರು ಎದುರಿಗೆ ಇರಬೇಕಲ್ಲ, ಹಾಗಾಗಿ ಮತ್ತೆ ಈಚೆ ಬಂದರು. ನೋಡಿದರೆ ಜಾಗ ಮತ್ತೆ ಖಾಲಿ. ಹೀಗೆ ಬೆಳಗೆಲ್ಲ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಓಡಾಡಿ ಬೆವತುಹೋದರು. ಬಸ್ಸಿಗೆ ಕಾದಿದ್ದವರು ಅವರ ಜೊತೆ ತಲೆ ಆಡಿಸುತ್ತ ನೋಡುತ್ತಿದ್ದರು. ಕೊನೆಗೆ ನಗರಸಭೆಯ ಖರ್ಚಿನಲ್ಲಿ ಆಳೆತ್ತರದ ಕನ್ನಡಿ ಒಂದು ಬಂತು. ಡ್ರೈವರು ಅದನ್ನು ಎದುರಿಗೆ ಎತ್ತಿಹಿಡಿಯುವುದು, ಇವರು ಜಾಗದಲ್ಲಿ ನಿಂತು ತಮ್ಮನ್ನು ತಾವೇ ನೋಡಿ ಖಾತ್ರಿ ಮಾಡಿಕೊಂಡು ಸಹಿ ಹಾಕುವುದು ಎಂದು ಏರ್ಪಾಡಾಯಿತು. ಸಹಿಗಳು ಸರಾಗವಾಗಿ ಬರತೊಡಗಿದವು. ಯಾರಿಗೂ ತಕರಾರು ಇರಲಿಲ್ಲ. ಡ್ರೈವರಿಗೆ ಮಾತ್ರ ರಟ್ಟೆ ನೋವು.

ಅತ್ತೆಯ ಮನೆ ಮುಂದೆ ಕಾರು ಬರುವುದು ನಿಂತಿತು. ಬೆಳಿಗ್ಗೆ ಎದ್ದು ಕೂದಲು ಬಾಚಿಕೊಂಡು, ಒಳ್ಳೆ ಬಟ್ಟೆ ಉಟ್ಟುಕೊಂಡು, ಆಮೇಲೆ ನೆನಪಾಗಿ ಬದಲಾಯಿಸುತ್ತಿದ್ದಳು. ಸ್ಕೇಲು ಸಂಜೆ ಬೇಗ ಬರತೊಡಗಿದ. ಮಾತಿಗೆ ಎಳೆದರೆ ಅವಳು ಹೂಂ, ಉಹೂಂ ಎನ್ನುತ್ತಿದ್ದಳು. ಮನೆಯ ಸ್ವಿಚ್ಚು ಎತ್ತರವಾಯಿತು ಎಂದು ಗೊಣಗಿದಳು. ಅವನು ರಜೆ ದಿನ ಕೂತು ಎಲ್ಲ ಸ್ವಿಚ್ಚುಗಳನ್ನೂ ಇಳಿಸಿಕೊಟ್ಟ. ಅದರಿಂದಲೂ ಅವಳ ಮುಖ ಅರಳಲಿಲ್ಲ.

ಒಂದು ದಿನ ಬೆಳಿಗ್ಗೆ ಅವನು ಹಲ್ಲುಜ್ಜುತ್ತಿರುವಾಗ ಗೇಟು ಸದ್ದಾಯಿತು. ಚಿಕಿತ್ಸಾಲಯ ಕಟ್ಟಿದ್ದ ಅದೇ ಕಾಂಟ್ರಾಕ್ಟರು ಬಾಗಿಲಲ್ಲಿ ನಿಂತಿದ್ದ. ಈಗ ಒಂದು ಹೆರಿಗೆ ಆಸ್ಪತ್ರೆ ಕಟ್ಟಿ ಮುಗಿಸಿದ್ದಾನಂತೆ. ಸಹಿ ಎಲ್ಲ ಆಗಿದೆ. ಕನ್ನಡಿ ಬಂತು, ಹೋಯಿತು. ಆದರೆ ಅಲ್ಲಿನ ನರ್ಸುಗಳು ಹಠ ಹಿಡಿದಿದ್ದಾರೆ: ಚಿಕಿತ್ಸಾಲಯದ ಬೇಸಿನ್ನು ಎಷ್ಟು ಚೆನ್ನಾಗಿದೆ, ಇಲ್ಲಿಯದು ಯಾಕೆ ಹೀಗೆ, ಅಲ್ಲಿ ಅಳತೆ ಹೇಳಿದವರು ಯಾರು, ಅವರನ್ನೇ ಕರೆಸಿ ಎನ್ನುತ್ತಿದ್ದಾರೆ.

"ನಕ್ಷೇಲಿ ನೀವು ಇಲ್ಲಮ್ಮ, ನಿಜ," ಎಂದ ಅವನು, ಕೈ ಹಿಸುಕಿಕೊಳ್ಳುತ್ತ. "ಸುಮ್ನೆ ಒಂದ್ಸಲ ಬಂದು ನೋಡಿ ಹೇಳ್ತೀರಾ?"

ಅತ್ತೆ ನನಗೆ ಬೇರೆ ಕೆಲಸ ಇದೆ ಎಂದಳು. ಒಳಗೆ ಹೋದಳು. ಕಾಂಟ್ರಾಕ್ಟರು ಸ್ಕೇಲುವಿನ ಮುಖ ನೋಡಿದ, ಸ್ಕೇಲು ಬಾಯಿ ತುಂಬ ನೊರೆ ಇಟ್ಟುಕೊಂಡು ಕೈಯಿಂದಲೇ ಕೂತ್ಕೊಳ್ಳಿ ಎಂದ. ಬಹಳ ಹೊತ್ತಾದ ಮೇಲೆ ಅತ್ತೆ ಟ್ಯಾಂಕಿಗೆ ಇಳಿದಾಗಿನ ಅದೇ ರಬ್ಬರು ಬೂಟು ಹಾಕಿಕೊಂಡು ಈಚೆ ಬಂದಳು. ಸ್ಕೇಲು ತಾನೂ ಜೊತೆಗೆ ಬರುತ್ತೇನೆ ಎಂದ. ಬೇಡ, ನೀನು ಆಫೀಸಿಗೆ ಹೊರಡು, ತಿಂಡಿ ಮುಚ್ಚಿಟ್ಟಿದ್ದೇನೆ ಎಂದು ಹೇಳಿ ಅವಳು ಗೇಟು ದಾಟಿದಳು.

ಅವನು ಬಾಯಿ ಮುಕ್ಕಳಿಸಿ ಬರುವಷ್ಟರಲ್ಲಿ ಕಾರು ಇನ್ನೂ ಹೊರಟಿರಲಿಲ್ಲ. ಸೀಟು ತೀರಾ ತಗ್ಗಾಯಿತು, ಹೊರಗೆ ಏನೂ ಕಾಣೋದಿಲ್ಲ ಎಂದು ಅತ್ತೆ ಹೇಳುತ್ತಿದ್ದಳು. ಕಾಂಟ್ರಾಕ್ಟರು ಕೆಳಗಿಳಿದು ಡಿಕ್ಕಿ ತೆಗೆದು, ಅವಳ ಕೆಳಗೆ ಹಾಕಲು ಏನಾದರೂ ಸಿಗುತ್ತದೆಯೇ ಎಂದು ಹುಡುಕುತ್ತಿದ್ದ.